ನಿತ್ಯ ಜೀವನದಲ್ಲಿ ನಿಷ್ಕಪಟ ವಿಶ್ವಾಸ

(ದೇವಾಲಯದ ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಧ್ಯಾನಕೂಟದ ಕೊನೆಯ ದಿನ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದೆ. ಗೋಡೆಗಳಿಗೆ ಹೊಸದಾಗಿ ಸುಣ್ಣಬಣ್ಣವಾಗಿದೆ. ಗೋಪುರದ ಶಿಲುಬೆಗೆ ದೀಪಾಲಂಕಾರವಾಗಿದೆ. ತೇರಿನ ಗಾಲಿಗಳ ದುರಸ್ತಿಯೂ ಮುಗಿದಿದೆ. ದೂರದ ಊರುಗಳಲ್ಲಿ ನೆಲೆಸಿರುವ ಗಂಡುಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರೂ ಹಬ್ಬಕ್ಕೆ ಬರುವರೆಂಬ ಸುದ್ದಿ ಮನೆಮನೆಯಲ್ಲೂ ಕೇಳಿಬರುತ್ತಿದೆ. ಇದೆಲ್ಲವೂ ಸಂತೋಷದ ಸಂಗತಿಯೇ ಸರಿ. ತಲೆಯ ಮೇಲೆ ಕಲ್ಲು ಮಣ್ಣು ಹೊತ್ತು, ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟ ಕಾಸನ್ನು ಕಾಣಿಕೆಯಾಗಿ ಕೊಟ್ಟು ಈ ಆಲಯವನ್ನು ಎಬ್ಬಿಸಿದ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಕರ್ತವ್ಯ. ಅವರ ಆತ್ಮಗಳಿಗೆ ದೇವರು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.

ಆದರೆ ಈ ಸಂತೋಷದ ನಡುವೆ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಅವಶ್ಯವಾಗಿದೆ. ಹಿರಿಯರು ನಮ್ಮ ಕೈಗೆ ಎರಡು ಆಸ್ತಿಗಳನ್ನು ಒಪ್ಪಿಸಿ ಹೋದರು. ಒಂದು ಈ ಕಟ್ಟಡ. ಇನ್ನೊಂದು ಅವರ ವಿಶ್ವಾಸ. ಕಟ್ಟಡದ ಸ್ಥಿತಿ ಹೇಗಿದೆಯೆಂದು ಉತ್ಸವ ಸಮಿತಿಯವರು ಮೇಸ್ತ್ರಿಗಳನ್ನು ಕರೆಸಿ ಪರೀಕ್ಷೆ ಮಾಡಿಸಿದರು. ಎಲ್ಲಿ ಗಾರೆ ಸಡಿಲವಾಗಿದೆ, ಎಲ್ಲಿ ತೊಲೆಗೆ ಗೆದ್ದಲು ಹತ್ತಿದೆ ಎಂಬುದು ಗೊತ್ತಾಯಿತು. ಎರಡನೆಯ ಆಸ್ತಿಯ ಪರೀಕ್ಷೆಯನ್ನು ಯಾರು ಮಾಡಿದ್ದಾರೆ? ಗೆದ್ದಲಿನ ಗುಣ ತಮಗೆ ತಿಳಿದದ್ದೇ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಅದು ಒಳಗಿನ ತಿರುಳನ್ನು ತಿಂದು ಮುಗಿಸಿರುತ್ತದೆ. ವಿಶ್ವಾಸಕ್ಕೆ ಹತ್ತುವ ಗೆದ್ದಲು ಕಪಟ. ಆದುದರಿಂದ ಈ ಧ್ಯಾನಕೂಟದ ಕೊನೆಯ ದಿನ, ದಿನನಿತ್ಯದ ಬಾಳಿನಲ್ಲಿ ನಿಷ್ಕಪಟ ವಿಶ್ವಾಸವೆಂದರೇನು ಎಂಬುದನ್ನು ಕುರಿತು ಆಲೋಚಿಸೋಣ.

ಸಂತ ಪೌಲರು ತಮ್ಮ ಪ್ರಿಯ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಅವನಲ್ಲಿರುವ ನಿಷ್ಕಪಟವಾದ ವಿಶ್ವಾಸವನ್ನು ನೆನೆಯುತ್ತಾರೆ. ಆ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿತ್ತು, ಆಮೇಲೆ ತಾಯಿ ಯೂನಿಕೆಯಲ್ಲಿ ನೆಲೆಗೊಂಡಿತು, ಈಗ ಅವನಲ್ಲಿದೆ ಎಂದು ಅವರು ಹೇಳುತ್ತಾರೆ. ಮೂರು ತಲೆಮಾರುಗಳ ಮಾತು ಅದು. ನೂರು ವರ್ಷದ ಹಬ್ಬ ಮಾಡುವ ನಮಗೂ ಮೂರು ನಾಲ್ಕು ತಲೆಮಾರುಗಳ ಲೆಕ್ಕವೇ ಮುಂದಿದೆ. ಲೋವಿ ಮತ್ತು ಯೂನಿಕೆ ದೊಡ್ಡ ಕಾರ್ಯಗಳನ್ನು ಮಾಡಿದರೆಂದು ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಬರೆದಿಲ್ಲ. ಮನೆಯೊಳಗಿದ್ದ ಆ ಇಬ್ಬರು ಹೆಂಗಸರ ಬಾಳನ್ನು ನೋಡುತ್ತ ಒಬ್ಬ ಹುಡುಗ ಬೆಳೆದ. ಆ ಹುಡುಗ ಮುಂದೆ ಧರ್ಮಸಭೆಯ ಆಧಾರಸ್ತಂಭಗಳಲ್ಲಿ ಒಬ್ಬನಾದ.

ಇಲ್ಲಿ ಸಂತ ಪೌಲರು ಬಳಸಿರುವ ಗ್ರೀಕ್ ಪದವನ್ನು ಗಮನಿಸಬೇಕು. ಅದರ ಅರ್ಥ ನಟನೆಯಿಲ್ಲದ್ದು ಎಂದು. ಕಪಟಿ ಎಂದು ನಾವು ಅನುವಾದಿಸುವ ಪದವು ಗ್ರೀಕರಲ್ಲಿ ಮೊದಲಿಗೆ ರಂಗಸ್ಥಳದ ಮೇಲೆ ಮುಖವಾಡ ಧರಿಸಿ ಅಭಿನಯಿಸುವ ನಟನಿಗೆ ಸಲ್ಲುತ್ತಿದ್ದ ಹೆಸರು. ನಮ್ಮ ಹಳ್ಳಿಗಳಲ್ಲಿ ನಾಟಕವಾಡುವುದನ್ನು ತಾವೆಲ್ಲರೂ ಕಂಡಿದ್ದೀರಿ. ರಾತ್ರಿಯೆಲ್ಲ ಕಿರೀಟ ಧರಿಸಿ ಅರಸನಾಗಿ ಮೆರೆದವನು ಬೆಳಗಾಗುತ್ತಲೇ ಬಣ್ಣ ತೊಳೆದು ನೇಗಿಲು ಹೊತ್ತು ಹೊಲಕ್ಕೆ ಹೋಗುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಅವನು ಅರಸನಲ್ಲವೆಂಬುದು ನೋಡುವವರಿಗೂ ಗೊತ್ತು. ಆದರೆ ಭಾನುವಾರದ ಬೆಳಿಗ್ಗೆ ಧರಿಸಿದ ಭಕ್ತಿಯನ್ನು ದೇವಾಲಯದ ಮೆಟ್ಟಿಲಿಳಿಯುವಾಗ ಕಳಚಿಡುವವನು, ಮುಂದಿನ ಭಾನುವಾರ ಅದನ್ನೇ ಮತ್ತೆ ಧರಿಸುವವನು ಯಾರ ಮುಂದೆ ಅಭಿನಯಿಸುತ್ತಿದ್ದಾನೆ? ಜನರನ್ನು ನಂಬಿಸಬಹುದು. ಹೃದಯಗಳನ್ನು ಪರಿಶೋಧಿಸುವ ದೇವರ ಮುಂದೆ ವೇಷಕ್ಕೆ ಬೆಲೆಯಿಲ್ಲ.

ಹಾಗಾದರೆ ವೇಷವಿಲ್ಲದ ವಿಶ್ವಾಸ ಎಲ್ಲಿ ಕಾಣುತ್ತದೆ? ಸಂತ ಲೂಕನ ಶುಭಸಂದೇಶದ 3ನೆಯ ಅಧ್ಯಾಯವನ್ನು ತೆರೆದು ನೋಡೋಣ. ಜೋರ್ಡನ್ ನದಿಯ ತೀರದಲ್ಲಿ ಸ್ನಾನಿಕ ಯೊವಾನ್ನರ ಪ್ರಬೋಧನೆಯನ್ನು ಕೇಳಿದ ಜನರು, ನಾವೀಗ ಏನು ಮಾಡಬೇಕೆಂದು ಕೇಳುತ್ತಾರೆ. ಅಡವಿಯಲ್ಲಿ ಮಿಡತೆ ಮತ್ತು ಕಾಡುಜೇನನ್ನು ತಿಂದು ಬದುಕಿದ ಆ ತಪಸ್ವಿ ಅವರಿಗೆ ಮನೆಮಠ ಬಿಟ್ಟು ಬನ್ನಿರೆಂದು ಹೇಳಲಿಲ್ಲ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದರು. ಸುಂಕದವರು ಕೇಳಿದಾಗ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿಗೆ ವಸೂಲು ಮಾಡಬೇಡಿರೆಂದರು. ಸೈನಿಕರು ಕೇಳಿದಾಗ, ಬೆದರಿಸಿ ಹಣ ಕಸಿಯಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದರು. ಗಮನಿಸಿರಿ, ಪ್ರತಿಯೊಬ್ಬನ ಪಶ್ಚಾತ್ತಾಪವನ್ನು ಅವನವನ ಕಸುಬಿನೊಳಗೇ ಯೊವಾನ್ನರು ತೋರಿಸಿಕೊಟ್ಟರು. ಸುಂಕದವನು ಸುಂಕದ ಕಟ್ಟೆಯಲ್ಲೇ ಕುಳಿತು, ಸೈನಿಕನು ಪಹರೆಯಲ್ಲೇ ನಿಂತು ದೇವರಿಗೆ ಮೆಚ್ಚುಗೆಯಾಗಬಹುದು.

ನಮ್ಮ ಪ್ರಭು ಯೇಸುಸ್ವಾಮಿಯವರ ಬಾಳೂ ಇದನ್ನೇ ಬೋಧಿಸುತ್ತದೆ. ಲೋಕರಕ್ಷಣೆಗಾಗಿ ಬಂದ ದೇವಕುಮಾರರು ಸುಮಾರು ಮೂವತ್ತು ವರ್ಷಗಳನ್ನು ಹೆಚ್ಚಾಗಿ ನಜರೇತೆಂಬ ಸಣ್ಣ ಊರಿನಲ್ಲಿ, ಬಡಗಿಯ ಮನೆಯಲ್ಲಿ ಕಳೆದರು. ಆ ವರ್ಷಗಳಲ್ಲಿ ಅವರು ಅದ್ಭುತಗಳನ್ನು ಮಾಡಿದ್ದು ಶುಭಸಂದೇಶಗಳಲ್ಲಿ ಕಾಣುವುದಿಲ್ಲ. ಸಂತ ಜೋಸೆಫರ ಬಳಿ ಉಳಿ ಸುತ್ತಿಗೆ ಹಿಡಿದು ಕೆಲಸ ಕಲಿತರು. ಮಾತೆ ಮರಿಯಮ್ಮನವರ ಒಲೆಯ ಅಡಿಗೆಯನ್ನು ಉಂಡರು. ಆ ಮೂವತ್ತು ವರ್ಷಗಳು ವ್ಯರ್ಥವೆಂದು ಯಾರು ಹೇಳಬಲ್ಲರು? ಜಗದ್ಗುರು 12ನೆಯ ಭಕ್ತಿನಾಥರು 1955ರಲ್ಲಿ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಗೊತ್ತುಪಡಿಸಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ನವೆಂಬರ್ 21ರಂದು ಪ್ರಕಟಿಸಿದ ಧರ್ಮಸಭೆಯನ್ನು ಕುರಿತ ಸಂವಿಧಾನದಲ್ಲಿ, ಪಾವಿತ್ರ್ಯದ ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಬಂದದ್ದಲ್ಲ, ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರಿಗೂ ಬಂದದ್ದೆಂದು ಒಂದು ಇಡೀ ಅಧ್ಯಾಯದಲ್ಲಿ ವಿವರಿಸಿತು. ಮರುವರ್ಷ, 1965ರ ಡಿಸೆಂಬರ್ 7ರಂದು ಪ್ರಕಟವಾದ ಇನ್ನೊಂದು ಸಂವಿಧಾನದಲ್ಲಿ, ಬಾಯಲ್ಲಿ ಹೇಳುವ ವಿಶ್ವಾಸಕ್ಕೂ ದಿನನಿತ್ಯದ ನಡತೆಗೂ ನಡುವೆ ಇರುವ ಒಡಕು ನಮ್ಮ ಕಾಲದ ದೊಡ್ಡ ತಪ್ಪುಗಳಲ್ಲೊಂದೆಂದು ಮಹಾಸಭೆಯ ಪಿತೃಗಳು ಎಚ್ಚರಿಸಿದರು.

ಈಗ ನಮ್ಮ ಊರಿಗೆ ಬರೋಣ. ಇಂದು ಸ್ನಾನಿಕ ಯೊವಾನ್ನರು ನಮ್ಮ ಕೆರೆಯ ಏರಿಯ ಮೇಲೆ ನಿಂತಿದ್ದರೆ, ನಾವು ಏನು ಮಾಡಬೇಕೆಂದು ನಾವೂ ಕೇಳಿದರೆ, ಅವರು ಏನು ಹೇಳಿಯಾರು? ಬೆಳಗಿನ ಜಾವ ಡೇರಿಗೆ ಹಾಲು ಹಾಕುವವನಿಗೆ, ಕ್ಯಾನಿಗೆ ನೀರು ಬೆರೆಸಬೇಡ ಎಂದಾರು. ಅಲ್ಲಿ ಹಾಲು ಅಳೆಯುವವನಿಗೆ, ಡಿಗ್ರಿ ನೋಡಿ ಬರೆಯುವಾಗ ಪರಿಚಯದವನಿಗೊಂದು ಅಪರಿಚಿತನಿಗೊಂದು ಲೆಕ್ಕ ಬರೆಯಬೇಡ ಎಂದಾರು. ಅಂಗಡಿಯಿಟ್ಟವನಿಗೆ ತಕ್ಕಡಿಯ ಮಾತು ಹೇಳಿಯಾರು. ಸರ್ಕಾರಿ ಕಚೇರಿಯಲ್ಲಿ ಕುಳಿತವನಿಗೆ, ಬಡವಿಯ ಪಿಂಚಣಿ ಅರ್ಜಿಯನ್ನು ನಾಳೆ ಬಾ ಎಂದು ಹಿಂದಕ್ಕೆ ಕಳಿಸಬೇಡ, ಮೇಜಿನ ಕೆಳಗೆ ಕೈ ಚಾಚಬೇಡ ಎಂದಾರು. ಶಿಕ್ಷಕನಿಗೆ ಪಾಠದ ವೇಳೆಯನ್ನು ಕದಿಯಬೇಡವೆಂದೂ, ಕೂಲಿಯಾಳಿಗೆ ಯಜಮಾನ ಕಣ್ಮರೆಯಾದ ಕೂಡಲೇ ಗುದ್ದಲಿ ಕೆಳಗಿಡಬೇಡವೆಂದೂ ಹೇಳಿಯಾರು. ಗುರುಗಳಾದ ನಮಗೆ, ಕಾಣಿಕೆ ಕೊಡಬಲ್ಲವನಿಗೂ ಕೊಡಲಾರದವನಿಗೂ ಒಂದೇ ಮುಖ ತೋರಿಸಿರೆಂದು ಹೇಳದೆ ಬಿಟ್ಟಾರೆಯೇ?

ಕೂಲಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಟ್ಟುಬಿಡಬೇಕೆಂದು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಲ್ಲಿ ಆಜ್ಞೆಯಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ತಮ್ಮ ಪತ್ರದ 5ನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಹೊತ್ತು ಮುಳುಗುವುದರೊಳಗೆ ಎಂಬ ಮಾತಿನ ಹಿಂದೆ ಒಂದು ಒಲೆಯಿದೆ. ಆ ದಿನದ ಕೂಲಿ ಬಂದರೆ ಮಾತ್ರ ಉರಿಯುವ ಒಲೆಯದು. ಕಳೆ ತೆಗೆದ ಹೆಂಗಸಿಗೆ, ರೇಷ್ಮೆಹುಳುವಿಗೆ ಸೊಪ್ಪು ಕೊಯ್ದ ಹುಡುಗನಿಗೆ, ಗೂಡು ಮಾರಿದ ಮೇಲೆ ಕೊಡುತ್ತೇನೆಂದು ಹೇಳಿ ವಾರಗಟ್ಟಲೆ ಅಲೆದಾಡಿಸಿ, ಹಬ್ಬದ ದಿನ ನೂರು ಮೇಣದ ಬತ್ತಿ ಹಚ್ಚಿದರೆ ದೇವರು ಯಾವುದನ್ನು ಮೊದಲು ನೋಡುತ್ತಾರೆ?

ಹಬ್ಬದ ವಿಷಯ ಬಂದಿತು. ನೂರು ವರ್ಷವೆಂದರೆ ಎರಡು ಜುಬಿಲಿಗಳ ಕಾಲ. ಜುಬಿಲಿ ಎಂಬ ಪದವೇ ಟಗರಿನ ಕೊಂಬಿಗೆ ಹೀಬ್ರೂ ಭಾಷೆಯಲ್ಲಿರುವ ಹೆಸರಿನಿಂದ ಬಂದದ್ದು. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಹೇಳಿರುವಂತೆ, ಐವತ್ತನೆಯ ವರ್ಷ ಇಸ್ರಯೇಲರ ದೇಶದಲ್ಲೆಲ್ಲ ಆ ಕೊಂಬನ್ನು ಊದಬೇಕಾಗಿತ್ತು. ಊದುತ್ತಿದ್ದುದು ದೋಷಪರಿಹಾರದ ದಿನ, ಅಂದರೆ ಉಪವಾಸ ಪಶ್ಚಾತ್ತಾಪಗಳ ದಿನ. ಕೊಂಬಿನ ಧ್ವನಿ ಕೇಳಿದ ಮೇಲೆ, ಕಷ್ಟಕಾಲದಲ್ಲಿ ಹೊಲ ಮಾರಿಕೊಂಡವನಿಗೆ ಹೊಲ ಹಿಂದಿರುಗಬೇಕು. ಸಾಲಕ್ಕೆ ತನ್ನನ್ನೇ ಮಾರಿಕೊಂಡವನು ಬಿಡುಗಡೆ ಹೊಂದಿ ತನ್ನ ಕುಟುಂಬಕ್ಕೆ ಮರಳಬೇಕು. ಪವಿತ್ರ ಗ್ರಂಥದ ಜುಬಿಲಿಯೆಂದರೆ ಹಿಂದಿರುಗಿಸುವ ವರ್ಷ. 2025ರಲ್ಲಿ ವಿಶ್ವ ಧರ್ಮಸಭೆಯೆಲ್ಲ ಆಚರಿಸಿದ ಪವಿತ್ರ ವರ್ಷದ ಮೂಲವೂ ಇದೇ. ಆದುದರಿಂದ ಶತಮಾನೋತ್ಸವವೆಂದರೆ ವಾದ್ಯ, ಪಟಾಕಿ, ಊಟ ಇಷ್ಟೇ ಎಂದು ತಿಳಿದರೆ ನಾವು ಜುಬಿಲಿಯ ಅರ್ಧವನ್ನೂ ಆಚರಿಸಿದಂತಾಗದು. ನಮ್ಮದಲ್ಲದ್ದು ನಮ್ಮ ಬಳಿ ಏನಿದೆಯೆಂದು ಪ್ರತಿ ಮನೆಯಲ್ಲೂ ಹುಡುಕಬೇಕಾಗಿದೆ.

ಜಕ್ಕಾಯನು ಮಾಡಿದ್ದು ಇದನ್ನೇ. ಯೇಸುಸ್ವಾಮಿಯವರನ್ನು ನೋಡಲು ಮರವೇರಿದ ಆ ಕುಳ್ಳ ಮನುಷ್ಯ ಅವರನ್ನು ಮನೆಗೆ ಕರೆದೊಯ್ದು ಸತ್ಕರಿಸಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದ್ದು ನಿಂತು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವುದಾಗಿಯೂ ಎಲ್ಲರ ಎದುರಿಗೆ ಹೇಳಿದ. ಆ ಮನೆಗೆ ಅಂದು ರಕ್ಷಣೆ ಬಂದಿತೆಂದು ಪ್ರಭು ನುಡಿದದ್ದು ಈ ಮಾತಿನ ನಂತರ. ಯೇಸುಸ್ವಾಮಿಯವರನ್ನು ಮನೆಯೊಳಗೆ ಕರೆದವನು ತನ್ನ ಲೆಕ್ಕದ ಪುಸ್ತಕವನ್ನೂ ಅವರ ಮುಂದೆ ತೆರೆದಿಡಬೇಕು.

ಇದು ಬರೀ ಪುಸ್ತಕದ ಮಾತೆಂದು ಯಾರೂ ತಿಳಿಯಬಾರದು. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ 1856ರಲ್ಲಿ ಹುಟ್ಟಿದ ಮ್ಯಾಟ್ ಟಾಲ್ಬಟ್ ಎಂಬ ಕೂಲಿಕಾರರು ಹುಡುಗತನದಲ್ಲೇ ಕುಡಿತಕ್ಕೆ ಬಿದ್ದರು. ಸಂಪಾದನೆಯೆಲ್ಲ ಹೆಂಡದಂಗಡಿಗೆ ಹೋಗುತ್ತಿತ್ತು. ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನೊಬ್ಬನ ಪಿಟೀಲನ್ನು ಕದ್ದು ಮಾರಿ ಕುಡಿದದ್ದೂ ಉಂಟೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. 1884ರಲ್ಲಿ, 28ನೆಯ ವಯಸ್ಸಿನಲ್ಲಿ, ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಅಂದಿನಿಂದ ದಿನವೂ ಬೆಳಗಿನ ಪೂಜೆಗೆ ಹೋದರು. ಆದರೆ ಪೂಜೆಗೆ ಹೋದುದರಿಂದ ಹಳೆಯ ಬಾಕಿ ತೀರಿತೆಂದು ಅವರು ಎಣಿಸಲಿಲ್ಲ. ಅಂಗಡಿ ಅಂಗಡಿಗೆ ಹೋಗಿ ಸಾಲ ತೀರಿಸಿದರು. ಪಿಟೀಲಿನವನನ್ನು ಹುಡುಕಿಕೊಂಡು ಅಲೆದರು. ಅವನು ಸಿಗದೆ ಹೋದಾಗ ಆ ಹಣವನ್ನು ಅವನಿಗಾಗಿ ಪೂಜೆಗಳಿಗೆ ಕೊಟ್ಟರು. ಮರದ ಮಂಡಿಯಲ್ಲಿ ಕೂಲಿ ಮಾಡುತ್ತ, ಜಪತಪಗಳಲ್ಲಿ ಬಾಳಿ, 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲೇ ಪ್ರಾಣಬಿಟ್ಟರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಕುಡಿತದಿಂದ ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಮನೆಗಳ ಒಲೆ ಆರಿದೆ, ಎಷ್ಟು ತಾಯಂದಿರ ತಾಳಿ ಅಡವಿಗೆ ಹೋಗಿದೆ ಎಂಬುದನ್ನು ಬಲ್ಲ ನಮಗೆ ಈ ಕೂಲಿಕಾರರ ಬಾಳು ಭರವಸೆಯನ್ನು ಕೊಡುತ್ತದೆ. ಯಾರೂ ಕೈಬಿಡಬೇಕಾದವರಲ್ಲ.

ಸಂಸಾರಸ್ಥರು ನೋಡಬೇಕಾದ ಮಾದರಿ ಇನ್ನೊಂದಿದೆ. ಬಾಲಯೇಸುವಿನ ಸಂತ ತೆರೇಸಮ್ಮನವರ ತಂದೆತಾಯಿಗಳಾದ ಲೂಯಿ ಮಾರ್ಟಿನ್ ಮತ್ತು ಜೆಲಿಯವರನ್ನು ಜಗದ್ಗುರು ಫ್ರಾನ್ಸಿಸರು 2015ರ ಅಕ್ಟೋಬರ್ 18ರಂದು ಸಂತರೆಂದು ಘೋಷಿಸಿದರು. ಗಂಡಹೆಂಡಿರನ್ನು ಒಟ್ಟಿಗೆ ಸಂತಪದವಿಗೇರಿಸಿದ್ದು ಅದೇ ಮೊದಲು. ಅವರು ವ್ಯಾಪಾರಸ್ಥರು. ಲೂಯಿ ಗಡಿಯಾರದ ಅಂಗಡಿಯವರು. ಭಾನುವಾರ ಅಂಗಡಿ ತೆರೆದರೆ ಲಾಭವೆಂದು ಸ್ನೇಹಿತರು ಹೇಳಿದರೂ ತೆರೆಯಲಿಲ್ಲ. ಜೆಲಿ ಕಸೂತಿ ಜಾಲರಿಯ ಕಸುಬು ನಡೆಸಿ, ಹೆಂಗಸರಿಗೆ ಕೆಲಸ ಕೊಟ್ಟರು. ಒಂಬತ್ತು ಮಕ್ಕಳನ್ನು ಹೆತ್ತು ನಾಲ್ವರನ್ನು ಎಳವೆಯಲ್ಲೇ ಮಣ್ಣಿಗಿತ್ತ ತಾಯಿ ಅವರು. ಉಳಿದ ಐವರು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. ಅಂಗಡಿ, ಅಡಿಗೆಮನೆ, ಮಕ್ಕಳ ಕಾಯಿಲೆ, ಸಾವುನೋವು ಇವುಗಳ ನಡುವೆಯೇ ಅವರು ಸಂತರಾದರು. ಮನೆಯಲ್ಲಿ ಹೆಂಡತಿಯೊಡನೆ ಆಡುವ ಮಾತು ಒರಟಾಗಿದ್ದರೆ, ವಯಸ್ಸಾದ ತಾಯಿಗೆ ಹಾಕುವ ಅನ್ನದಲ್ಲಿ ಗೊಣಗಾಟ ಬೆರೆತಿದ್ದರೆ, ಸಂಜೆ ಹೇಳುವ ಜಪಸರಕ್ಕೆ ಸತ್ವವೆಲ್ಲಿಂದ ಬರಬೇಕು?

ಮುಂದಿನ ಮಾತು ಕಹಿಯಾದರೂ ಹೇಳದೆ ಇರಲಾಗದು. ಅಣ್ಣತಮ್ಮಂದಿರು ಒಂದು ಗೇಣು ಬದುವಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾರೆ. ಒಂದೇ ಪೂಜೆಗೆ ಬರುತ್ತಾರೆ. ಒಬ್ಬನು ಬಲಗಡೆಯ ಬಾಗಿಲಿನಿಂದ ಹೊರಗೆ ಹೋದರೆ ಇನ್ನೊಬ್ಬನು ಎಡಗಡೆಯ ಬಾಗಿಲಿನಿಂದ ಹೋಗುತ್ತಾನೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ಸಂಧಾನ ಮಾಡಿಕೊಂಡು ಬಾ ಎಂದು ಪ್ರಭು ಆಜ್ಞಾಪಿಸಿದ್ದಾರೆ. ನಾಲಿಗೆಯ ಪಾಪವೂ ಕಡಿಮೆಯದಲ್ಲ. ಹಿಂದೆ ಬಾವಿಕಟ್ಟೆಯ ಮೇಲೆ ಹುಟ್ಟಿದ ಚಾಡಿ ಊರಿನ ಗಡಿ ದಾಟುತ್ತಿರಲಿಲ್ಲ. ಈಗ ಅದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಎಲ್ಲೆಡೆ ಹರಡುತ್ತದೆ. ಮತ್ತೊಬ್ಬರ ಮಗಳ ಮಾನ ಹೋಗುವ ಸುದ್ದಿಯನ್ನು ಮುಂದಕ್ಕೆ ಕಳಿಸಿದ ಬೆರಳಿನಿಂದಲೇ ನಾವು ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ.

ಇನ್ನು ಜಾತಿಯ ಪಿಡುಗು. ಒಂದೇ ಜ್ಞಾನಸ್ನಾನವನ್ನು ಪಡೆದು, ಒಂದೇ ಪರಮಪ್ರಸಾದದಲ್ಲಿ ಪಾಲುಗೊಂಡು, ಊಟಕ್ಕೆ ಕರೆಯುವಾಗ, ಹೆಣ್ಣು ಕೊಡುವಾಗ, ಕೊನೆಗೆ ಹೆಣ ಹೂಳುವಾಗಲೂ ಮೇಲುಕೀಳೆಂದು ಬಗೆಯುವುದಾದರೆ ನಮ್ಮ ವಿಶ್ವಾಸಕ್ಕೆ ಏನೆಂದು ಹೆಸರಿಡೋಣ? ನಮ್ಮ ನೆರೆನಾಡಿನ ಸಂತ ದೇವಸಹಾಯಂ ಅವರನ್ನು ನೆನೆಯೋಣ. ಅವರು 1712ರಲ್ಲಿ ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ ಮೇಲ್ಜಾತಿಯೆಂದು ಎಣಿಸಲಾದ ಮನೆತನದಲ್ಲಿ ಹುಟ್ಟಿದರು. ತಿರುವಾಂಕೂರಿನ ಅರಸರ ಸೇವೆಯಲ್ಲಿದ್ದರು. 1745ರಲ್ಲಿ ಜ್ಞಾನಸ್ನಾನ ಪಡೆದರು. ಅವರು ಸಂಸಾರಸ್ಥರು, ಗುರುವಲ್ಲ, ಸನ್ಯಾಸಿಯಲ್ಲ. ಕ್ರೈಸ್ತರಾದ ಮೇಲೆ ಜಾತಿಯ ಕಟ್ಟುಪಾಡನ್ನು ಲೆಕ್ಕಿಸದೆ ಎಲ್ಲರೊಡನೆ ಬೆರೆತರು, ಎಲ್ಲರೊಡನೆ ಉಂಡರು. ಸೆರೆಮನೆ ಮತ್ತು ಚಿತ್ರಹಿಂಸೆಗಳ ನಂತರ 1752ರ ಜನವರಿ 14ರಂದು ಕಾಟ್ಟಾಡಿಮಲೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. 2022ರ ಮೇ 15ರಂದು ಅವರನ್ನು ಸಂತರೆಂದು ಘೋಷಿಸಲಾಯಿತು. ಭಾರತದ ಶ್ರೀಸಾಮಾನ್ಯರಲ್ಲಿ ಸಂತಪದವಿಗೇರಿದವರಲ್ಲಿ ಅವರೇ ಮೊದಲಿಗರು. ಆಗ ಅವರ ಹೆಸರಿನ ಹಿಂದಿದ್ದ ಜಾತಿಸೂಚಕ ಪದವನ್ನು ಬಿಟ್ಟು ದೇವಸಹಾಯಂ ಎಂದಷ್ಟೇ ಕರೆಯಲಾಯಿತು. ಅವರು ಬಾಳಿನಲ್ಲಿ ತೊರೆದದ್ದನ್ನು ಧರ್ಮಸಭೆ ಅವರ ಹೆಸರಿನಿಂದಲೂ ತೆಗೆದುಹಾಕಿತು. ನಾವು ಅವರ ಸ್ವರೂಪಕ್ಕೆ ಹೂಮಾಲೆ ಹಾಕಿ, ಅವರು ತೊರೆದದ್ದನ್ನು ಎದೆಗವಚಿಕೊಂಡು ಕುಳಿತರೆ ಅದು ಭಕ್ತಿಯಲ್ಲ.

ನಿಷ್ಕಪಟ ವಿಶ್ವಾಸವು ದೇವಾಲಯದ ಕಾಂಪೌಂಡಿನೊಳಗೇ ನಿಲ್ಲುವುದಿಲ್ಲ. ಶ್ರೀರಂಗಪಟ್ಟಣದ ಪತನದ ನಂತರ, 1799ರಿಂದ 1823ರವರೆಗೆ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದ ಫ್ರೆಂಚ್ ಗುರು ಅಬ್ಬೆ ದುಬೊಯ್ ಅವರು, ಸಿಡುಬಿನಿಂದ ಜನರು ಸಾಯುತ್ತಿದ್ದುದನ್ನು ಕಂಡು, ಆಗತಾನೆ ಬಂದಿದ್ದ ದೇವಿ ಹಾಕುವ ವಿಧಾನವನ್ನು ಕೈಗೊಂಡು ಸಾವಿರಾರು ಮಂದಿಗೆ ಹಾಕಿಸಿದರು. ಸಿಡುಬು ಮತ ಕೇಳಿ ಬರುವ ರೋಗವಲ್ಲ. ಚಿಕಿತ್ಸೆಯೂ ಮತ ಕೇಳಿ ಕೊಡುವುದಲ್ಲ. ಪಕ್ಕದ ಮನೆಯ ಹಿಂದೂ ಸೋದರನಿಗೆ, ಮುಸಲ್ಮಾನ ಸೋದರನಿಗೆ ನಮ್ಮ ದೈವಶಾಸ್ತ್ರ ತಿಳಿಯದು. ಕ್ರೈಸ್ತರ ಅಂಗಡಿಯಲ್ಲಿ ತೂಕ ಸರಿಯಿರುತ್ತದೆ, ಕ್ರೈಸ್ತರ ಮಾತನ್ನು ನಂಬಬಹುದು ಎಂದು ಅವರು ಹೇಳುವಂತಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇರಾವುದು?

ಈ ಮಾತುಗಳನ್ನು ಕೇಳಿ ಕೆಲವರು, ಹಾಗಾದರೆ ಪೂಜೆ ಜಪಗಳು ಬೇಡವೇ, ಒಳ್ಳೆಯವನಾಗಿದ್ದರೆ ಸಾಲದೇ ಎಂದು ಕೇಳಬಹುದು. ಬೇರಿಲ್ಲದ ಮರ ಎಷ್ಟು ದಿನ ಹಸಿರಾಗಿದ್ದೀತು? ಸ್ವಂತ ಬಲದಿಂದ ನಿಷ್ಕಪಟರಾಗಿರಬಲ್ಲೆವೆಂದು ಹೇಳುವವನು ತನ್ನನ್ನು ತಾನೇ ಅರಿತಿಲ್ಲ. ಮ್ಯಾಟ್ ಟಾಲ್ಬಟರು ದಿನವೂ ಪೂಜೆಗೆ ಹೋಗದಿದ್ದರೆ ಪ್ರತಿಜ್ಞೆಯಲ್ಲಿ ನಿಲ್ಲಲು ಅವರಿಗೆ ಬಲವೆಲ್ಲಿತ್ತು? ಪಾಪನಿವೇದನೆಯಲ್ಲಿ ನಾವು ಮುಖವಾಡ ತೆಗೆದು ಮೊಣಕಾಲೂರುತ್ತೇವೆ. ಪರಮಪ್ರಸಾದದಲ್ಲಿ ವರಪ್ರಸಾದವನ್ನು ಪಡೆಯುತ್ತೇವೆ. ಪೂಜೆಯ ಕೊನೆಯಲ್ಲಿ ಸಮಾಧಾನದಿಂದ ಹೋಗಿರೆಂದು ಗುರುಗಳು ಕಳಿಸಿಕೊಡುತ್ತಾರೆ. ಪೂಜೆಗೆ ಲತೀನಿನಲ್ಲಿರುವ ಹೆಸರು ಆ ಕಳಿಸಿಕೊಡುವ ಮಾತಿನಿಂದಲೇ ಬಂದದ್ದು. ಎಲ್ಲಿಗೆ ಕಳಿಸುತ್ತಾರೆ? ಹೊಲಕ್ಕೆ, ಅಂಗಡಿಗೆ, ಕಚೇರಿಗೆ, ಅಡಿಗೆಮನೆಗೆ. ಅಲ್ಲಿ ಪೂಜೆ ಮುಂದುವರಿಯಬೇಕು.

ಇನ್ನೊಂದು ಪ್ರಶ್ನೆಯನ್ನು ನಾವು ಮನೆಗಳಿಗೆ ಭೇಟಿ ಕೊಟ್ಟಾಗ ಅನೇಕರು ಕೇಳುತ್ತಾರೆ: "ಸ್ವಾಮಿ, ಎಲ್ಲರೂ ಮೋಸ ಮಾಡುವ ಕಾಲದಲ್ಲಿ ನಾವೊಬ್ಬರೇ ಸತ್ಯವಾಗಿದ್ದರೆ ಬದುಕುವುದು ಹೇಗೆ?" ಈ ಪ್ರಶ್ನೆ ಹಗುರವಾದುದಲ್ಲ. ಸತ್ಯವಂತನಿಗೆ ನಷ್ಟವೇ ಆಗುವುದಿಲ್ಲವೆಂದು ನಾವು ಹೇಳಿದರೆ ಅದೂ ಒಂದು ಕಪಟವಾದೀತು. ನೀರು ಬೆರೆಸದವನ ಕ್ಯಾನಿನಲ್ಲಿ ಹಾಲು ಕಡಿಮೆಯೇ ಇರುತ್ತದೆ. ಲಂಚ ಮುಟ್ಟದವನ ಮನೆ ಮೇಲೇಳಲು ಹೆಚ್ಚು ವರ್ಷ ಹಿಡಿಯುತ್ತದೆ. ಸಂತ ದೇವಸಹಾಯಂ ಅವರಿಗೆ ಪ್ರಾಣವೇ ಹೋಯಿತು. ಪ್ರಭು ನಮಗೆ ಲಾಭವನ್ನು ವಾಗ್ದಾನ ಮಾಡಲಿಲ್ಲ. ಶಿಲುಬೆಯನ್ನು ಹೊತ್ತು ತಮ್ಮನ್ನು ಹಿಂಬಾಲಿಸಲು ಹೇಳಿದರು. ಸುಳ್ಳನ್ನು ಬಚ್ಚಿಡುವ ಕಷ್ಟವಿಲ್ಲದೆ ರಾತ್ರಿ ಮಲಗುವ ಶಾಂತಿಯನ್ನೂ, ಕೊನೆಗಳಿಗೆಯಲ್ಲಿ ತಮ್ಮ ಸಾನ್ನಿಧ್ಯವನ್ನೂ ಅವರು ಕೊಡುತ್ತಾರೆ. ಆದರೆ ನಷ್ಟವನ್ನು ಒಬ್ಬನೇ ಹೊರುವಂತೆ ಬಿಡುವುದು ಧರ್ಮಕೇಂದ್ರಕ್ಕೆ ಶೋಭೆಯಲ್ಲ. ಸತ್ಯಕ್ಕಾಗಿ ಕೆಲಸ ಕಳೆದುಕೊಂಡವನ ಮನೆಗೆ ಅಕ್ಕಿ ಕೊಂಡೊಯ್ಯುವವರು ನಾವಾಗಬೇಕು.

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ನಮ್ಮ ಮಕ್ಕಳು ನಮ್ಮನ್ನು ನೋಡುತ್ತಿದ್ದಾರೆ. ಓದಿಗಾಗಿ, ಕೆಲಸಕ್ಕಾಗಿ ಅವರು ಬೆಂಗಳೂರಿಗೆ ಹೋಗುತ್ತಾರೆ, ಹೊರದೇಶಗಳಿಗೂ ಹೋಗುತ್ತಾರೆ. ಅಲ್ಲಿ ಭಾನುವಾರ ಅವರನ್ನು ಪೂಜೆಗೆ ಎಬ್ಬಿಸುವ ಗಂಟೆಯಾಗಲಿ, ಗದರಿಸುವ ಅಜ್ಜಿಯಾಗಲಿ ಇರುವುದಿಲ್ಲ. ಆಗ ಅವರೊಳಗೆ ಉಳಿಯುವುದು ಮನೆಯಲ್ಲಿ ಕಣ್ಣಾರೆ ಕಂಡದ್ದು ಮಾತ್ರ. ಜಪ ಮುಗಿಸಿದ ಅಪ್ಪ ಅದೇ ಬಾಯಲ್ಲಿ ಸುಳ್ಳು ಲೆಕ್ಕ ಹೇಳಿದ್ದನ್ನು ಕಂಡ ಮಗ, ಧರ್ಮವೆಂದರೆ ಬಾಯಿಮಾತೆಂದು ಕಲಿತಿರುತ್ತಾನೆ. ಯಾವ ಉಪದೇಶಿಯೂ ಅದನ್ನು ಅಳಿಸಲಾರನು. ಅಂಗಡಿಯವನು ಮರೆತು ಹೆಚ್ಚಿಗೆ ಕೊಟ್ಟ ಹತ್ತು ರೂಪಾಯಿಯನ್ನು ಹಿಂದಿರುಗಿಸಲು ಬಿಸಿಲಿನಲ್ಲಿ ನಡೆದುಹೋದ ತಾಯಿಯನ್ನು ಕಂಡ ಮಗಳು ಎಲ್ಲಿಗೆ ಹೋದರೂ ತನ್ನ ವಿಶ್ವಾಸವನ್ನು ಕಳೆದುಕೊಳ್ಳಲಾರಳು. ಈ ದೇವಾಲಯ ಇನ್ನೂ ನೂರು ವರ್ಷ ನಿಲ್ಲಬಹುದು. ಅಂದು ಇದರೊಳಗೆ ಜನರಿರುತ್ತಾರೋ ಇಲ್ಲವೋ ಎಂಬುದು ನಮ್ಮ ಇಂದಿನ ಅಡಿಗೆಮನೆಗಳಲ್ಲಿ, ಅಂಗಡಿಗಳಲ್ಲಿ ತೀರ್ಮಾನವಾಗುತ್ತಿದೆ.

ಆದುದರಿಂದ, ಪ್ರಿಯರೇ, ಧ್ವಜಾರೋಹಣಕ್ಕೆ ಇನ್ನುಳಿದಿರುವ ದಿನಗಳಲ್ಲಿ ಪ್ರತಿ ಮನೆಯವರೂ ಮೂರು ಕಾರ್ಯಗಳನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಮೊದಲನೆಯದಾಗಿ, ಒಂದು ಬಾಕಿಯನ್ನು ತೀರಿಸಿರಿ. ಕೂಲಿಯ ಬಾಕಿಯಾಗಲಿ, ಕೈಸಾಲವಾಗಲಿ, ಒತ್ತುವರಿ ಮಾಡಿದ ಬದುವಾಗಲಿ, ಸಲ್ಲಬೇಕಾದವರಿಗೆ ಸಲ್ಲಿಸಿರಿ. ಶತಮಾನೋತ್ಸವ ನಿಧಿಗೆ ಕಾಣಿಕೆ ಕೊಡುವುದಕ್ಕಾಗಿ ಕೂಲಿಯವರ ಹಣವನ್ನು ತಡೆಹಿಡಿಯಬೇಡಿರಿ. ಅಂತಹ ಕಾಣಿಕೆ ನಮಗೆ ಬೇಡ. ಎರಡನೆಯದಾಗಿ, ಮಾತು ಬಿಟ್ಟವರ ಹೊಸ್ತಿಲನ್ನು ತುಳಿಯಿರಿ. ಅವರೇ ಮೊದಲು ಬರಲಿ ಎಂದು ಕಾಯಬೇಡಿರಿ. ಮೂರನೆಯದಾಗಿ, ಇದುವರೆಗೆ ಪಂಕ್ತಿಗೆ ಕರೆಯದ ಮನೆಯವರನ್ನು ಹಬ್ಬದ ಊಟಕ್ಕೆ ಕರೆದು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿರಿ. ಇವನ್ನು ಮಾಡಿ, ಒಳ್ಳೆಯ ಪಾಪನಿವೇದನೆ ಮಾಡಿ, ಬಲಿಪೀಠದ ಬಳಿಗೆ ಬನ್ನಿರಿ. ಪ್ರತಿದಿನ ಮಲಗುವ ಮುನ್ನ, ಇಂದು ನಾನು ಯಾರಿಗೆ ಸುಳ್ಳಾದೆ, ಯಾರಿಗೆ ಆಸರೆಯಾದೆ ಎಂದು ಒಂದು ಗಳಿಗೆ ಆತ್ಮಪರಿಶೋಧನೆ ಮಾಡಿಕೊಳ್ಳುವ ಅಭ್ಯಾಸವನ್ನು ಈ ಉತ್ಸವದ ನೆನಪಾಗಿ ಉಳಿಸಿಕೊಳ್ಳಿರಿ.

ಲೋವಿ ಮತ್ತು ಯೂನಿಕೆಯರಂತಹ ಎಷ್ಟೋ ಅಜ್ಜಿಯರು, ತಾಯಂದಿರು ನಮ್ಮ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಮಲಗಿದ್ದಾರೆ. ಅವರು ಓದು ಬರಹ ತಿಳಿದವರಲ್ಲ. ಆದರೆ ಅವರು ಕೊಟ್ಟ ಮಾತು ತಪ್ಪುತ್ತಿರಲಿಲ್ಲ, ಅವರ ಬಾಗಿಲಿಗೆ ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಅವರಿಂದ ಪಡೆದದ್ದನ್ನು ಕಲಬೆರಕೆಯಿಲ್ಲದೆ ಮುಂದಿನವರಿಗೆ ಒಪ್ಪಿಸುವ ಶಕ್ತಿಯನ್ನು ನಮ್ಮ ಪ್ರಭು ಯೇಸುಕ್ರಿಸ್ತರು ನಮಗೆಲ್ಲರಿಗೂ ಅನುಗ್ರಹಿಸಲಿ. ನಜರೇತಿನ ಮನೆಯನ್ನು ನಡೆಸಿದ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ. ಸರ್ವಶಕ್ತ ದೇವರಾದ ಪಿತನ, ಪುತ್ರನ ಮತ್ತು ಪವಿತ್ರಾತ್ಮನ ಆಶೀರ್ವಾದ ನಿಮ್ಮೆಲ್ಲರ ಮೇಲೆ, ನಿಮ್ಮ ಹೊಲಮನೆಗಳ ಮೇಲೆ, ನಿಮ್ಮ ಕೈಕೆಲಸದ ಮೇಲೆ ಸದಾ ಇರಲಿ. ಆಮೆನ್.